ಹಾಡು ಕಳಿಸಿದೆ, ಗೆಳತಿ ಕೇಳಲೇ ಇಲ್ಲ

ಪ್ರಶ್ನೆ: ನನಗೆ 53 ವರ್ಷ. ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತೇನೆ. ಪಿಯುಸಿಯಿಂದ ಬಿ.ಎ. ಮುಗಿಯುವ ತನಕ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದ ಗೆಳತಿ ಈಗ ಸಾಗರದಲ್ಲಿ ಶಾಲಾ ಶಿಕ್ಷಕಿ. ಆಗ ಇಬ್ಬರೂ ದುಡ್ಡು ಕೂಡಿಸಿ ಭಾವಗೀತೆಯ ಕ್ಯಾಸೆಟ್ ಕೊಳ್ಳುತ್ತಿದ್ದೆವು. ರಜೆಗೆ ಊರಿಗೆ ಹೋಗುವಾಗ ಅದನ್ನು ಯಾರು ಒಯ್ಯಬೇಕೆಂದು ಜಗಳವಾಗುತ್ತಿತ್ತು. ಎರಡು ವರ್ಷದ ಹಿಂದೆ ಮಗ ಕೆಲಸಕ್ಕೆಂದು ಪುಣೆಗೆ ಹೋದ. ಅಲ್ಲಿಂದೀಚೆಗೆ ರಾತ್ರಿ ಹೊತ್ತು ಮೊಬೈಲಿನಲ್ಲಿ ಮೆಲುದನಿಯ ಸಂಗೀತ ಹುಡುಕಿ ಕೇಳುವುದು ಅಭ್ಯಾಸವಾಗಿದೆ. ಸಂತೂರ್, ಸರೋದ್, ಗಜಲ್, ಬ್ರೆಜಿಲ್ ದೇಶದ ಹಾಡುಗಳು, ಹೀಗೆ. ಇಷ್ಟವಾದದ್ದನ್ನೆಲ್ಲ ಅವಳಿಗೆ ವಾಟ್ಸ್ಆ್ಯಪ್ ಮಾಡುತ್ತಿದ್ದೆ, ದಿನಕ್ಕೆ ಎರಡೋ ಮೂರೋ. ಮೊದಮೊದಲು 'ಚೆನ್ನಾಗಿದೆ ಕಣೇ' ಎನ್ನುತ್ತಿದ್ದಳು. ಆಮೇಲೆ 'ಹೇಗಿತ್ತು' ಎಂದು ಕೇಳಿದರೂ ಬರೀ ಹೆಬ್ಬೆರಳು. ಕಳೆದ ತಿಂಗಳು ಮದುವೆಮನೆಯಲ್ಲಿ ಊಟಕ್ಕೆ ಕುಳಿತಾಗ, 'ಇವ್ಳು ದಿನಾ ನಂಗೆ ಜೋಗುಳ ಕಳಿಸ್ತಾಳೆ, ಹಾಕಿದ್ರೆ ಎರಡು ನಿಮಿಷಕ್ಕೆ ನಿದ್ದೆ' ಎಂದಳು. ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಅತ್ತುಬಿಟ್ಟೆ. ಅಂದಿನಿಂದ ಕಳಿಸುವುದನ್ನು ನಿಲ್ಲಿಸಿದ್ದೇನೆ. ಯಾಕೆ ಕಳಿಸುತ್ತಿಲ್ಲ ಎಂದು ಅವಳು ಕೇಳಲೂ ಇಲ್ಲ. ಅವಳ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದಾರೆ, ಬಿಡುವಿಲ್ಲ, ನಿಜ. ಆದರೂ ಹಳೆಯ ಗೆಳತಿಗಾಗಿ ಮೂರು ನಿಮಿಷ ಸಿಗುವುದಿಲ್ಲವೇ? ಯಜಮಾನರಿಗೆ ಹೇಳಿದರೆ 'ಈ ವಯಸ್ಸಿಗೆ ಇದೂ ಒಂದು ಸಮಸ್ಯೆಯಾ' ಎನ್ನುತ್ತಾರೆ. ಈಚೆಗೆ ರಾತ್ರಿ ಎರಡಾದರೂ ನಿದ್ದೆ ಹತ್ತುವುದಿಲ್ಲ. ಇಷ್ಟು ವರ್ಷದ ಸ್ನೇಹ ಇಷ್ಟೇನಾ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಹೌದು, ಇದೂ ಒಂದು ಸಮಸ್ಯೆಯೇ. ಆಸ್ತಿ ಜಗಳ, ಕಾಯಿಲೆ, ಸಾಲ ಇಂಥವು ಮಾತ್ರ ಸಮಸ್ಯೆಗಳು, ಮಿಕ್ಕಿದ್ದೆಲ್ಲ ಹೊಟ್ಟೆ ತುಂಬಿದವರ ಗೋಳು ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಹಾಗಾಗಿಯೇ ಇಂಥ ನೋವನ್ನು ಯಾರಿಗೂ ಹೇಳದೆ ಒಳಗೇ ಇಟ್ಟುಕೊಳ್ಳುವವರು ಬಹಳ. ನೀವು ಬರೆದಿರಿ, ಒಳ್ಳೆಯದಾಯಿತು.

ನಿಮಗೆ ಇಷ್ಟು ನೋವಾಗಲು ಕಾರಣವಿದೆ. ಕುಣಿಸುವ ಹಾಡನ್ನು ನಾವು ಹತ್ತು ಜನರ ನಡುವೆ ಕೇಳುತ್ತೇವೆ. ಯಾರೋ 'ಚೆನ್ನಾಗಿಲ್ಲ' ಎಂದರೆ ಬೇಸರವೇನೂ ಆಗುವುದಿಲ್ಲ. ಮೆಲುದನಿಯ ಸಂಗೀತವನ್ನು ಒಬ್ಬರೇ ಕೇಳುತ್ತೇವೆ, ಅದೂ ಮನಸ್ಸು ಮೆತ್ತಗಾಗಿರುವ ಹೊತ್ತಿನಲ್ಲಿ. ಮಗನ ಕೋಣೆಯ ದೀಪ ಆರಿದ ಮೇಲೆ ನೀವು ಕೇಳಿದ ಸರೋದ್ ಬರೀ ಸರೋದ್ ಅಲ್ಲ. ಅದನ್ನು ಗೆಳತಿಗೆ ಕಳಿಸುವಾಗ 'ನಾನೀಗ ಹೀಗಿದ್ದೇನೆ ನೋಡೇ' ಎಂದೂ ಹೇಳಿದ್ದೀರಿ. ಅವಳು ನಕ್ಕಾಗ ಆ ಮಾತಿಗೇ ನಕ್ಕಳು ಎಂದು ನಿಮಗನ್ನಿಸಿತು. ಆದರೆ ನೀವು ಹಾಗೆ ಹೇಳಿದ್ದು ಅವಳಿಗೆ ಕೇಳಿಸಿರಲೇ ಇಲ್ಲ. ಅವಳ ಫೋನಿಗೆ ಬಂದದ್ದು ಒಂದು ಲಿಂಕ್, ಅಷ್ಟೆ.

ಹತ್ತು ಜನರ ಮುಂದೆ ಹಾಗೆ ಅಂದದ್ದು ಸರಿಯಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಡಿದ ಮಾತನ್ನು ಇನ್ನೊಮ್ಮೆ ನೋಡಿ. ಹಾಸಿಗೆ ಹಿಡಿದ ಹಿರಿಯರಿಗೆ ಬೆನ್ನು ಹುಣ್ಣಾಗದಂತೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ವೈದ್ಯರು ಹೇಳುತ್ತಾರೆ. ರಾತ್ರಿಯೂ ಏಳಬೇಕು. ಬಟ್ಟೆ ಬದಲಿಸಬೇಕು, ಮಾತ್ರೆ ಕೊಡಬೇಕು, ಬೆಳಗಾದರೆ ಮಕ್ಕಳ ಹಾಜರಿ ತೆಗೆದುಕೊಳ್ಳಲು ಶಾಲೆಗೆ ಓಡಬೇಕು. ಹೀಗೆ ಬದುಕುವ ಹೆಂಗಸು ಸಂತೂರ್ ಹಾಕಿಕೊಂಡು ದಿಂಬಿಗೆ ತಲೆಯಿಟ್ಟರೆ ಎರಡು ನಿಮಿಷಕ್ಕೆ ನಿದ್ದೆ ಬಂದೇ ಬರುತ್ತದೆ. ಅವಳು ಆಡಿದ್ದು ತಮಾಷೆಯೂ ಇರಬಹುದು, ನಿಜವೂ ಇರಬಹುದು. ನಿಮ್ಮ ಹಾಡು ಅವಳಿಗೆ ರುಚಿಸದೆಯೂ ಉಪಕಾರ ಮಾಡಿರಬಹುದು. ಹಾಗೇ ಆಗಿದೆ ಎಂದು ಇಲ್ಲಿ ಕುಳಿತು ಹೇಳಲಾರೆ. ಆದರೆ ಅವಮಾನ ಎಂದು ತೀರ್ಮಾನಿಸುವ ಮೊದಲು ಹೀಗೂ ಇರಬಹುದೇ ಎಂದು ಯೋಚಿಸಿ ಎನ್ನುತ್ತೇನೆ.

ಈಗ ಆ ಕ್ಯಾಸೆಟ್ ಕಾಲಕ್ಕೆ ಬರೋಣ. ನಿಮ್ಮ ಪ್ರಶ್ನೆಯ ಬೇರು ಅಲ್ಲೇ ಇದೆ ಎಂದು ನನಗೆ ಕಾಣುತ್ತದೆ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಬಂತು. ಅದಾದ ಮೇಲೆ ಸಿ. ಅಶ್ವಥ್ ದನಿಯಲ್ಲಿ ಶರೀಫರ ಪದಗಳು, ಶಿವಮೊಗ್ಗ ಸುಬ್ಬಣ್ಣ, ರತ್ನಮಾಲಾ ಪ್ರಕಾಶ್, ಹೀಗೆ ಒಂದರ ಹಿಂದೊಂದು. ನೀವು ಕಾಲೇಜು ಸೇರುವ ಹೊತ್ತಿಗೆ ಹಾಸ್ಟೆಲ್ ಹುಡುಗಿಯರ ಟ್ರಂಕಿನಲ್ಲಿ ಒಂದೆರಡಾದರೂ ಭಾವಗೀತೆ ಕ್ಯಾಸೆಟ್ ಇರುತ್ತಿತ್ತು. ಸೈಡ್ ಎ ಅರ್ಧ ಗಂಟೆ, ಸೈಡ್ ಬಿ ಅರ್ಧ ಗಂಟೆ. ಬೇಡದ ಹಾಡನ್ನು ದಾಟಿಸಲು ಹೋದರೆ ರೀಲು ಸಿಕ್ಕಿಕೊಳ್ಳುತ್ತದೆಂಬ ಭಯ. ಹಾಗಾಗಿ ಮೊದಲಿಂದ ಕೊನೆಯವರೆಗೆ ಅದೇ ಹತ್ತೋ ಹನ್ನೆರಡೋ ಹಾಡು, ಮತ್ತೆ ಮತ್ತೆ. ಒಂದೇ ಟೇಪ್ ರೆಕಾರ್ಡರ್, ಒಂದೇ ಕೋಣೆ, ಇಬ್ಬರ ಕಿವಿಗೂ ಅದೇ ದನಿ. ಒಬ್ಬಳು ಬಟ್ಟೆ ಮಡಿಸುತ್ತಿದ್ದಿರಬಹುದು, ಇನ್ನೊಬ್ಬಳು ನೋಟ್ಸ್ ಬರೆಯುತ್ತಿದ್ದಿರಬಹುದು. ಆದರೂ ಕೇಳಿದ್ದು ಇಬ್ಬರೂ ಕೂಡಿಯೇ.

ಪದೇ ಪದೇ ಎದುರಾದದ್ದನ್ನು ನಾವು ಇಷ್ಟಪಡತೊಡಗುತ್ತೇವೆ ಎಂದು ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಝಯನ್ಸ್ 1968ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದರು. ಹದಿಹರೆಯದಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ ಕೇಳಿದ ಹಾಡುಗಳು ಕೊನೆಯವರೆಗೂ ಹೆಚ್ಚು ಗಟ್ಟಿಯಾಗಿ ನೆನಪಿನಲ್ಲಿ ಉಳಿಯುತ್ತವೆ ಎಂಬುದೂ ಈ ವಿಷಯ ಅಭ್ಯಾಸ ಮಾಡಿದ ಹಲವರು ಕಂಡುಕೊಂಡ ಮಾತು. ಅಂದರೆ ನಿಮ್ಮಿಬ್ಬರ ರುಚಿ ಹುಟ್ಟಿನಿಂದಲೇ ಒಂದಾಗಿರಲಿಲ್ಲ. ಆ ಕೋಣೆ, ಆ ವಯಸ್ಸು, ಆ ಒಂದೇ ಕ್ಯಾಸೆಟ್ ಕೂಡಿ ಅದನ್ನು ಒಂದಾಗಿಸಿದ್ದವು. ಈಗ ಅವು ಯಾವುವೂ ಇಲ್ಲ. ಹೊಸ ಹಾಡು ಅವಳ ಫೋನಿಗೆ ಒಂಟಿಯಾಗಿ ಹೋಗುತ್ತದೆ, ಒಂದೇ ಸಲ ಹೋಗುತ್ತದೆ, ನಾಳೆ ಅದರ ಮೇಲೆ ಇನ್ನೆರಡು ಬಂದು ಬೀಳುತ್ತವೆ.

ಇನ್ನೊಂದು ಸಂಗತಿ ನಿಮ್ಮ ಗಮನಕ್ಕೆ ಬಂದಿಲ್ಲ ಎನಿಸುತ್ತದೆ. ಭಾವಗೀತೆ ಮೊದಲು ಕವಿತೆ, ಆಮೇಲೆ ಹಾಡು. ಬೇಂದ್ರೆ, ಕೆ.ಎಸ್. ನರಸಿಂಹಸ್ವಾಮಿ, ನಿಸಾರ್ ಅವರ ಮಾತುಗಳು ಮುಂದೆ ನಡೆದರೆ ಹಾರ್ಮೋನಿಯಂ, ತಬಲಾ ಹಿಂದೆ ಬರುತ್ತವೆ. ಅದೇ ಕ್ಯಾಸೆಟ್ಟಿನಲ್ಲಿ ನೀವು ದನಿಯನ್ನು ಹಿಡಿದಿರಿ, ಅವಳು ಮಾತನ್ನು ಹಿಡಿದಿರಬಹುದು. ಅವಳು ಮೇಷ್ಟರ ಕೆಲಸಕ್ಕೆ ಹೋದವಳು ಬೇರೆ. ಈಗ ನೀವು ಕಳಿಸುತ್ತಿರುವ ಸಂತೂರಿನಲ್ಲಿ, ಸರೋದಿನಲ್ಲಿ ಮಾತೇ ಇಲ್ಲ. ಬ್ರೆಜಿಲ್‌ನ ಹಾಡಿನಲ್ಲಿರುವುದು ಪೋರ್ಚುಗೀಸ್. ಗಜಲಿನಲ್ಲಿ ಉರ್ದು. ನಿಮಗೆ ದನಿಯೇ ಸಾಕು. ಅವಳಿಗೆ ಹಿಡಿದುಕೊಳ್ಳಲು ಒಂದು ಸಾಲೂ ಸಿಗುತ್ತಿಲ್ಲ. ಅದಕ್ಕೆ ಅವಳನ್ನಾಗಲಿ ನಿಮ್ಮನ್ನಾಗಲಿ ದೂರುವಂತಿಲ್ಲ. ಮೂವತ್ತೈದು ವರ್ಷ ಗೊತ್ತಾಗದೆ ಇದ್ದ ವ್ಯತ್ಯಾಸ ಈಗ ಎದುರಿಗೆ ಬಂದಿದೆ, ಅಷ್ಟೆ.

ಫೋನಿನ ವಿಚಾರವನ್ನೂ ಹೇಳಿಬಿಡುತ್ತೇನೆ. ನೀವು ಇಯರ್‌ಫೋನ್ ಹಾಕಿಕೊಂಡು, ಮನೆ ಮಲಗಿದ ಮೇಲೆ ಕೇಳುತ್ತೀರಿ. ಅವಳು ಬಹುಶಃ ಒಲೆಯ ಮುಂದೆ, ಫೋನಿನ ಸ್ಪೀಕರಿನಲ್ಲಿ. ಅಷ್ಟು ಪುಟ್ಟ ಸ್ಪೀಕರಿನಲ್ಲಿ ತಳದ ಸ್ವರಗಳು ಬರುವುದೇ ಇಲ್ಲ. ತಂಬೂರಿಯ ಗುಂಗು ಮಾಯ, ಡಗ್ಗಾದ ಗುಮಕು ಮಾಯ, ಉಳಿಯುವುದು ತಗಡು ಬಡಿದಂಥ ಸದ್ದು. ಜೊತೆಗೆ ಕುಕ್ಕರಿನ ಸೀಟಿ. ಈ ಸಂಗೀತಕ್ಕೆ ಸಮಯವೂ ಬೇಕು. ಉದಾಹರಣೆಗೆ 1967ರ 'ಕಾಲ್ ಆಫ್ ದ ವ್ಯಾಲಿ' ಎಂಬ ಆಲ್ಬಮ್ಮನ್ನೇ ನೋಡಿ. ನೀವೂ ಅದನ್ನು ಕೇಳಿರಬಹುದು. ಶಿವಕುಮಾರ್ ಶರ್ಮಾ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಕೊಳಲು, ಬ್ರಿಜ್‌ಭೂಷಣ್ ಕಾಬ್ರಾ ಗಿಟಾರ್. ಕಾಶ್ಮೀರದ ಕುರಿಗಾಹಿಯೊಬ್ಬನ ಒಂದು ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ರಾಗಗಳಲ್ಲಿ ಹೇಳುವ ಕಲ್ಪನೆ ಅದು. ಬೆಳಗಿಗೆ ಅಹಿರ್ ಭೈರವ್, ಸಂಜೆ ಕಳೆದ ಮೇಲೆ ದೇಸ್, ಪಹಾಡಿ. ಅದನ್ನು ಮೊದಲರ್ಧ ನಿಮಿಷ ಕೇಳಿ 'ಹೇಗಿದೆ' ಎಂದರೆ ಏನು ಹೇಳಬೇಕು? ಆಗಿನ್ನೂ ಕಥೆಯೇ ಶುರುವಾಗಿರುವುದಿಲ್ಲ. ಬ್ರೆಜಿಲ್‌ನ ಬೋಸಾ ನೋವಾ ಕೂಡ ಹಾಗೆಯೇ. 1950ರ ದಶಕದ ಕೊನೆಯಲ್ಲಿ ರಿಯೊ ಡಿ ಜನೈರೊದಲ್ಲಿ ರೂಪುಗೊಂಡ ಈ ಶೈಲಿಯಲ್ಲಿ ಜೋವಾವ್ ಜಿಲ್ಬರ್ಟೊ ಅಂಥವರು ಗಂಟಲೆತ್ತದೆ, ಪಕ್ಕದಲ್ಲಿ ಕುಳಿತವರಿಗೆ ಮಾತ್ರ ಎಂಬಂತೆ ಹಾಡಿದರು. ಪಕ್ಕದಲ್ಲಿ ಕೂರಲು ಪುರುಸೊತ್ತಿಲ್ಲದವರನ್ನು ಆ ಹಾಡು ಕರೆದು ನಿಲ್ಲಿಸುವುದಿಲ್ಲ.

ಇಲ್ಲಿ ನಿಮಗೊಂದು ನೇರ ಮಾತು. ತಪ್ಪು ತಿಳಿಯಬೇಡಿ. 'ಮೂರು ನಿಮಿಷ ಸಿಗುವುದಿಲ್ಲವೇ' ಎಂದು ಬರೆದಿದ್ದೀರಿ. ದಿನಕ್ಕೆ ಎರಡು ಮೂರು ಎಂದರೆ ತಿಂಗಳಿಗೆ ಎಷ್ಟಾಯಿತು? ಅದರಲ್ಲಿ ಸರೋದ್ ವಾದನ ಒಂದೊಂದೂ ಇಪ್ಪತ್ತು, ಮೂವತ್ತು ನಿಮಿಷದ್ದು. ಅದರ ಹಿಂದೆಯೇ 'ಹೇಗಿತ್ತು' ಎಂಬ ಪ್ರಶ್ನೆ. ದಿನವಿಡೀ ಮಕ್ಕಳ ಉತ್ತರಪತ್ರಿಕೆ ತಿದ್ದುವವಳಿಗೆ ರಾತ್ರಿ ತಾನೇ ಉತ್ತರ ಬರೆಯಬೇಕಾದ ಪರಿಸ್ಥಿತಿ. ಕೇಳದೆ 'ಸೂಪರ್' ಎಂದರೆ ಸುಳ್ಳಾಗುತ್ತದೆ, 'ಕೇಳಿಲ್ಲ' ಎಂದರೆ ನಿಮಗೆ ಬೇಸರವಾಗುತ್ತದೆ. ಆ ಹೆಬ್ಬೆರಳು ಇವೆರಡರ ನಡುವೆ ಅವಳು ಕಂಡುಕೊಂಡ ದಾರಿ ಇದ್ದೀತು.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಏನೇನು ಕಳಿಸಿದಿರಿ ಎಂಬುದು ಅದರಲ್ಲಿದೆ. ಅವಳು ಈಗ ಏನು ಕೇಳುತ್ತಾಳೆ ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ. ಬೆಳಗ್ಗೆ ತಿಂಡಿ ಮಾಡುವಾಗ ಭದ್ರಾವತಿ ಆಕಾಶವಾಣಿ ಹಾಕುತ್ತಾಳೋ, ರಾಜನ್-ನಾಗೇಂದ್ರರ ಹಳೆಯ ಚಿತ್ರಗೀತೆ ಗುನುಗುತ್ತಾಳೋ. ಸಾಗರದ ಕಡೆ ಅಲ್ಲವೇ, ಯಕ್ಷಗಾನದ ಭಾಗವತಿಕೆ ಹಚ್ಚಿಕೊಂಡಿದ್ದರೂ ಆಶ್ಚರ್ಯವಿಲ್ಲ. (ಚಂಡೆ ಮೆಲುದನಿಯದಲ್ಲ, ಒಪ್ಪಿದೆ. ಆದರೂ ಒಮ್ಮೆ ಕೇಳಿ.) ಹಂಚಿಕೊಳ್ಳುವುದೆಂದರೆ ಅತ್ತಲಿಂದಲೂ ಏನಾದರೂ ಬರಬೇಕು. ಅದಕ್ಕೆ ಜಾಗ ಬಿಟ್ಟಿದ್ದಿರಾ ಎಂದು ಯೋಚಿಸಿ ನೋಡಿ.

ಹಾಗಾದರೆ ಈಗೇನು ಮಾಡಬೇಕು? ಹಾಡು ಕಳಿಸುವುದನ್ನು ತಕ್ಷಣ ಶುರು ಮಾಡಬೇಡಿ. ಸಿಟ್ಟಿನಿಂದ ನಿಲ್ಲಿಸಿದ್ದನ್ನು ಏನೂ ಆಗಲೇ ಇಲ್ಲವೆಂಬಂತೆ ಮತ್ತೆ ಶುರು ಮಾಡಿದರೆ ಒಳಗಿನ ಮುಳ್ಳು ಒಳಗೇ ಉಳಿಯುತ್ತದೆ. ಮೊದಲು ಕರೆ ಮಾಡಿ. ಸಂಜೆ ಶಾಲೆ ಬಿಟ್ಟ ಮೇಲಿನ ಹೊತ್ತು ನೋಡಿ ಮಾಡಿ. ಅತ್ತೆಯ ಆರೋಗ್ಯ ವಿಚಾರಿಸಿ. ಆಮೇಲೆ, ರಾತ್ರಿ ಎಷ್ಟು ಸಲ ಏಳಬೇಕಾಗುತ್ತದೆ, ಕೈ ಜೋಡಿಸುವವರು ಯಾರಾದರೂ ಇದ್ದಾರಾ ಎಂದು ಅವಳ ವಿಷಯ ಕೇಳಿ. ಬಹಳ ದಿನದಿಂದ ಯಾರೂ ಅವಳನ್ನು ಹೀಗೆ ಕೇಳಿರಲಿಕ್ಕಿಲ್ಲ.

ಮದುವೆಮನೆಯ ಮಾತನ್ನೂ ಹೇಳಲೇಬೇಕು, ಆದರೆ ಅದೇ ಕರೆಯಲ್ಲಿ ಅಲ್ಲ. ಮುಖ ನೋಡಿ ಹೇಳುವುದು ಒಳ್ಳೆಯದು, ಆಗದಿದ್ದರೆ ಎರಡನೆಯ ಸಲ ಮಾತಾಡುವಾಗ. ನೀವು ನಿಮ್ಮಲ್ಲಿ ಮಾತಾಡುವ ಹಾಗೆಯೇ ಹೇಳಿ. 'ಅವತ್ತು ಎಲ್ಲರ ಮುಂದೆ ಹಂಗಂದಿದ್ದು ನಂಗೆ ಸ್ವಲ್ಪ ಚುಚ್ಚಿತು ಕಣೇ. ಮನಸ್ಸಲ್ಲೇ ಇಟ್ಕೊಂಡ್ರೆ ನಿನ್ ಮೇಲೆ ಸಿಟ್ಟಾಗತ್ತೆ, ಅದಕ್ಕೆ ಹೇಳ್ಬಿಟ್ಟೆ.' ಇಷ್ಟು ಸಾಕು. ಅದರ ಹಿಂದೆ ಹಳೆಯ ಲೆಕ್ಕಗಳನ್ನು ತೆಗೆಯಬೇಡಿ, ಕ್ಷಮೆ ಕೇಳಲಿ ಎಂದು ಕಾಯಬೇಡಿ. 'ಅಯ್ಯೋ, ನಾನು ಸುಮ್ನೆ ಅಂದೆ ಮಾರಾಯ್ತಿ' ಎಂದರೆ ನಂಬಿ. ಅವಳು ಹಾಗನ್ನುವ ಸಂಭವವೇ ಹೆಚ್ಚು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಒಂದು ರಜೆಯ ದಿನ ಸಾಗರಕ್ಕೆ ಹೋಗಿ. ಶಿವಮೊಗ್ಗದಿಂದ ಬಸ್ಸೂ ಇದೆ, ತಾಳಗುಪ್ಪದ ರೈಲೂ ಇದೆ. ಕೈಯಲ್ಲಿ ಪುಟ್ಟ ಬ್ಲೂಟೂತ್ ಸ್ಪೀಕರ್ ಇರಲಿ, ಅದರಲ್ಲಿ ಒಂದೇ ಒಂದು ಹೊಸ ಸಂಗೀತ ಇರಲಿ. ಅವಳು ಅತ್ತೆಯ ಕೋಣೆ ಬಿಟ್ಟು ಬರಲಾಗದಿದ್ದರೆ ಆ ಕೋಣೆಯಲ್ಲೇ ಸಣ್ಣ ದನಿಯಲ್ಲಿ ಹಾಕಿ. ಹಿರಿಯರಿಗೂ ಹಿತವೆನಿಸಬಹುದು, ಕೇಳಿ ಹಾಕಿ. ಆಮೇಲಿನ ಸರದಿ ಗೆಳತಿಯದು. ಅವಳು ಯಾವುದನ್ನು ಹಾಕಿದರೂ ಪೂರ್ತಿ ಕೇಳಿ. ಹಳೆಯ ಭಾವಗೀತೆಯಲ್ಲಿ ಯಾವ ಸಾಲು ನಿನಗೆ ಇನ್ನೂ ಬಾಯಿಗೆ ಬರುತ್ತದೆ ಎಂದು ಕೇಳಿ. ನಾನು ಮೇಲೆ ಊಹಿಸಿದ್ದು ಸರಿಯೋ ತಪ್ಪೋ ಆಗ ಗೊತ್ತಾಗುತ್ತದೆ. ಅವಳಿಗೆ ಕಣ್ಣು ಎಳೆಯುತ್ತಿದ್ದರೆ 'ಎರಡು ಗಂಟೆ ನೀನು ಮಲಗು, ಅತ್ತೆಯನ್ನು ನಾನು ನೋಡಿಕೊಳ್ಳುತ್ತೇನೆ' ಎನ್ನಿ. ಅಂದು ಹಾಡು ಕೇಳುವುದೇ ಆಗದಿದ್ದರೂ ಪರವಾಗಿಲ್ಲ.

ಇಷ್ಟಾದ ಮೇಲೆ ಕಳಿಸುವುದಾದರೆ ವಾರಕ್ಕೊಂದು. ಬರೀ ಲಿಂಕ್ ಬೇಡ, ನಿಮ್ಮ ದನಿಯಲ್ಲೇ ಎರಡು ಮಾತು ರೆಕಾರ್ಡ್ ಮಾಡಿ ಜೊತೆಗೆ ಕಳಿಸಿ. ಇದನ್ನು ಯಾವಾಗ ಕೇಳಿದಿರಿ, ಯಾಕೆ ಅವಳ ನೆನಪಾಯಿತು. 'ಉತ್ತರ ಬೇಡ, ಯಾವತ್ತಾದ್ರೂ ಪುರುಸೊತ್ತಾದಾಗ ಕೇಳು' ಎಂದು ಸೇರಿಸಿ. ಹಾಗೆಂದ ಮೇಲೆ ನಿಜವಾಗಿಯೂ ಉತ್ತರಕ್ಕೆ ಕಾಯಬೇಡಿ, ನೀಲಿ ಗೆರೆ ಬಂತೇ ಎಂದು ನೋಡಬೇಡಿ.

ಇಷ್ಟೆಲ್ಲ ಮಾಡಿದರೂ ಅವಳಿಗೆ ಈ ಸಂಗೀತ ಹಿಡಿಸದೆಯೂ ಇರಬಹುದು. ಆಗ ಒಪ್ಪಿಕೊಳ್ಳಿ. ಮನಸ್ಸು ದಣಿದಾಗ, ಒಳಗೆ ದುಃಖವಿದ್ದಾಗ ನಿಧಾನದ ಸಂಗೀತ ಕೆಲವರಿಗೆ ಸಮಾಧಾನ ಕೊಡುವುದಿಲ್ಲ, ಇನ್ನಷ್ಟು ಕುಗ್ಗಿಸುತ್ತದೆ. ಅಂಥವರು ಬೇಕೆಂದೇ ಅಬ್ಬರದ ಹಾಡು ಹಾಕಿಕೊಳ್ಳುತ್ತಾರೆ. ಒಬ್ಬಳೇ ಗೆಳತಿ ನಮ್ಮ ಎಲ್ಲ ಇಷ್ಟಗಳಿಗೂ ಜೊತೆಯಾಗಬೇಕೆಂಬ ನಿರೀಕ್ಷೆ ಭಾರವಾದದ್ದು. ಸರೋದಿಗೆ ಬೇರೆ ಜೊತೆಗಾರರು ಸಿಗುತ್ತಾರೆ. ನಿಮ್ಮೂರಿನಲ್ಲಿ ಕುವೆಂಪು ರಂಗಮಂದಿರವಿದೆ, ಸಂಗೀತ ಪಾಠ ಹೇಳುವ ಮನೆಗಳಿವೆ, ಸಣ್ಣಪುಟ್ಟ ಬೈಠಕ್ ನಡೆಯುತ್ತವೆ. ಹೋಗಿ ಕುಳಿತುಕೊಳ್ಳಿ. ಪಕ್ಕದಲ್ಲಿ ಕಣ್ಣುಮುಚ್ಚಿ ಕೇಳುತ್ತಿರುವವರನ್ನು ಎದ್ದ ಮೇಲೆ ಮಾತಾಡಿಸಿ.

ಇನ್ನು ನಿದ್ದೆಯ ವಿಷಯ. ಇದನ್ನು ಪತ್ರದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಬರೆದಿದ್ದೀರಿ, ನನಗೆ ಅದೇ ಹೆಚ್ಚು ಮುಖ್ಯ. ನಿಮ್ಮ ವಯಸ್ಸಿನಲ್ಲಿ ಮುಟ್ಟು ನಿಲ್ಲುವ ಕಾಲದ ಬದಲಾವಣೆಯಿಂದಲೂ ನಿದ್ದೆ ಕೆಡುತ್ತದೆ, ಅಳು ಬರುತ್ತದೆ. ಥೈರಾಯ್ಡ್ ತೊಂದರೆಯಿಂದಲೂ ಹಾಗಾಗಬಹುದು. ಒಮ್ಮೆ ವೈದ್ಯರಿಗೆ ತೋರಿಸಿ. ನಿದ್ದೆಗೇಡು, ಅಳು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ಎರಡು ವಾರಕ್ಕಿಂತ ಹೆಚ್ಚು ಬಿಡದೆ ಇದ್ದರೆ ಅದನ್ನು ಸ್ನೇಹದ ಬೇಸರವೆಂದು ತಳ್ಳಿಹಾಕಬೇಡಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಿ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ರಾತ್ರಿ ಸಂಗೀತ ಕೇಳುವುದನ್ನು ಬಿಡಬೇಕಿಲ್ಲ. ಆದರೆ ಮಲಗುವ ಹೊತ್ತಿನಲ್ಲಿ ಹೊಸದನ್ನು ಹುಡುಕುತ್ತಾ ಕೂರಬೇಡಿ. ಕೇಳಬೇಕಾದ್ದನ್ನು ಸಂಜೆಯೇ ಆರಿಸಿಟ್ಟು, ಹಚ್ಚಿ, ಫೋನನ್ನು ಮಗುಚಿಡಿ.

ಯಜಮಾನರಿಗೂ ಒಂದು ಮಾತು ಹೇಳಿ ನೋಡಿ. 'ಗೆಳತಿ ಹಾಡು ಕೇಳಲಿಲ್ಲ' ಎಂದರೆ ಅವರಿಗೆ ಅರ್ಥವಾಗದು. 'ಮಗ ಹೋದ ಮೇಲೆ ಮನೆ ಬಿಕೋ ಅನ್ನುತ್ತಿದೆ' ಎಂದರೆ ಅರ್ಥವಾದೀತು. ಅವರಿಗೂ ಹಾಗೇ ಅನ್ನಿಸುತ್ತಿರಲೂಬಹುದು.

ಇದನ್ನು ಓದುತ್ತಿರುವವರಲ್ಲಿ ಕೆಲವರ ಫೋನಿನಲ್ಲಿ ಹಳೆಯ ಸ್ನೇಹಿತರು ಕಳಿಸಿದ, ತೆರೆಯದ ಹಾಡುಗಳು ಸಾಲಾಗಿ ಬಿದ್ದಿರುತ್ತವೆ. ಎಲ್ಲವನ್ನೂ ಕೇಳಬೇಕೆಂದಿಲ್ಲ. 'ನಿನ್ನ ಹಾಡುಗಳನ್ನು ಕೇಳಲು ಆಗುತ್ತಿಲ್ಲ, ಆದರೆ ನೀನು ಕಳಿಸುವುದು ನನಗೆ ಖುಷಿ' ಎಂದು ಒಂದು ಸಾಲು ಬರೆಯಿರಿ, ಅದು ನಿಜವಾಗಿದ್ದರೆ.

ನಿಮ್ಮ ಕೊನೆಯ ಪ್ರಶ್ನೆಗೆ, ಇಷ್ಟು ವರ್ಷದ ಸ್ನೇಹ ಇಷ್ಟೇನಾ ಎಂಬುದಕ್ಕೆ, ಉತ್ತರ ಹೇಳಬೇಕಾದವಳು ಸಾಗರದಲ್ಲಿದ್ದಾಳೆ. ಈ ವಾರವೇ ಕರೆ ಮಾಡಿ. ಆಮೇಲೆ ಏನಾಯಿತೆಂದು ನನಗೂ ಬರೆಯಿರಿ.